ಕತ್ತಿನ ಊತ ಬೇಗ ಬೆಳೆಯುತ್ತಿದ್ದರೆ ಲಿಂಫೋಮಾ ತಪ್ಪಿಹೋಗದಂತೆ ತಪಾಸಣೆ ಮಾಡಿಸುವುದು ಹೇಗೆ?

ಕತ್ತಿನ ಮುಂಭಾಗ ದಪ್ಪಗಾದಾಗ ಅದನ್ನು ಗಳಗಂಡವೆಂದೇ ಭಾವಿಸುವುದು ಸಹಜ, ಬಹುತೇಕ ಸಂದರ್ಭಗಳಲ್ಲಿ ಆ ಊಹೆ ಸರಿಯೂ ಹೌದು. ಅಲ್ಲಿರುವ ಥೈರಾಯ್ಡ್ ಗ್ರಂಥಿಯಲ್ಲೇ ಹುಟ್ಟುವ ಲಿಂಫೋಮಾ, ಅಂದರೆ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳ ಕ್ಯಾನ್ಸರ್, ಅಪರೂಪ. ಥೈರಾಯ್ಡ್ ಕ್ಯಾನ್ಸರ್‌ಗಳಲ್ಲಿ ಅದರ ಪಾಲು ಶೇ. 5ನ್ನು ಮೀರುವುದಿಲ್ಲ. ಅಪರೂಪವಾದ್ದರಿಂದಲೇ ಅದು ಕಣ್ತಪ್ಪುತ್ತದೆ.

ಮೊದಲು ಗಮನಿಸಬೇಕಾದದ್ದು ಊತ ಬೆಳೆಯುವ ವೇಗ. ಸಾಮಾನ್ಯ ಗಳಗಂಡ ವರ್ಷಗಟ್ಟಲೆ ನಿಧಾನವಾಗಿ ಬೆಳೆಯುತ್ತದೆ, ಲಿಂಫೋಮಾ ಹಲವು ಬಾರಿ ಕೆಲವೇ ವಾರಗಳಲ್ಲಿ ಹಿಗ್ಗುತ್ತದೆ. ಮೂರು ತಿಂಗಳ ಹಿಂದಿನ ಫೋಟೊ ಒಂದನ್ನು ಪಕ್ಕದಲ್ಲಿಟ್ಟು ಕನ್ನಡಿಯಲ್ಲಿ ಕತ್ತನ್ನು ನೋಡಿಕೊಳ್ಳಿ. ಸಡಿಲವಾಗಿದ್ದ ಅಂಗಿಯ ಕಾಲರ್ ಗುಂಡಿ ಈಗ ಹಾಕಲು ಬಾರದಿದ್ದರೆ ಅದನ್ನೂ ವೈದ್ಯರಿಗೆ ಹೇಳಿ. ಜೊತೆಗೆ ದನಿ ಒಡೆದಿದೆಯೇ, ಅನ್ನ ನುಂಗಲು ಕಷ್ಟವೇ, ರಾತ್ರಿ ಬಟ್ಟೆ ಒದ್ದೆಯಾಗುವಷ್ಟು ಬೆವರುತ್ತದೆಯೇ, ಕಾರಣವಿಲ್ಲದೆ ತೂಕ ಇಳಿದಿದೆಯೇ ಎಂಬುದನ್ನು ಬರೆದಿಟ್ಟುಕೊಳ್ಳಿ. ಮಲಗಿದಾಗ ಉಸಿರು ಕಟ್ಟಿದಂತಾದರೆ ಅಥವಾ ಉಸಿರಾಟದಲ್ಲಿ ಕೀರಲು ಸದ್ದು ಬಂದರೆ ಅಪಾಯಿಂಟ್‌ಮೆಂಟ್‌ಗೆ ಕಾಯದೆ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಬೇಕು.

ದೇಹದ ರೋಗನಿರೋಧಕ ವ್ಯವಸ್ಥೆಯೇ ಥೈರಾಯ್ಡ್ ಮೇಲೆ ದಾಳಿ ಮಾಡುವ ಹಾಶಿಮೊಟೊ ಥೈರಾಯ್ಡೈಟಿಸ್ ಇರುವವರು, ಅದರಲ್ಲೂ ಅರವತ್ತು ದಾಟಿದ ಮಹಿಳೆಯರು, ಹೆಚ್ಚು ಎಚ್ಚರ ವಹಿಸಬೇಕು. ಆ ಕಾಯಿಲೆಯವರಲ್ಲಿ ಬಹುಪಾಲು ಜನರಿಗೆ ಲಿಂಫೋಮಾ ಬರುವುದಿಲ್ಲವಾದರೂ, ಲಿಂಫೋಮಾ ಬಂದವರಲ್ಲಿ ಹೆಚ್ಚಿನವರಿಗೆ ಮೊದಲೇ ಆ ಕಾಯಿಲೆ ಇರುತ್ತದೆ. ಟಿಎಸ್‌ಎಚ್ ವರದಿ ನಾರ್ಮಲ್ ಎಂದಿದ್ದರೂ ಸಮಾಧಾನಪಡಬಾರದು, ಏಕೆಂದರೆ ಆ ರಕ್ತಪರೀಕ್ಷೆ ಹಾರ್ಮೋನಿನ ಸ್ಥಿತಿಯನ್ನು ತಿಳಿಸುತ್ತದೆಯೇ ಹೊರತು ಗಡ್ಡೆಯ ಸ್ವರೂಪವನ್ನಲ್ಲ.

ನನ್ನ ದೃಷ್ಟಿಯಲ್ಲಿ ಅತಿ ಮುಖ್ಯವಾದ ಹೆಜ್ಜೆ ಬಯಾಪ್ಸಿ, ಅಂದರೆ ಗಡ್ಡೆಯ ತುಣುಕನ್ನು ತೆಗೆದು ಪರೀಕ್ಷಿಸುವುದು. ಅಲ್ಟ್ರಾಸೌಂಡ್ ನಂತರ ಸಾಮಾನ್ಯವಾಗಿ ಮಾಡುವ ಎಫ್‌ಎನ್‌ಎಸಿ ಎಂಬ ಸಣ್ಣ ಸೂಜಿ ಪರೀಕ್ಷೆಯಲ್ಲಿ ಬಿಡಿ ಜೀವಕೋಶಗಳಷ್ಟೇ ಸಿಗುತ್ತವೆ. ಹಾಶಿಮೊಟೊದಲ್ಲೂ ಲಿಂಫೋಮಾದಲ್ಲೂ ಕಾಣುವುದು ಲಿಂಫೋಸೈಟ್‌ಗಳೇ ಆದ್ದರಿಂದ ವರದಿ 'ಥೈರಾಯ್ಡೈಟಿಸ್' ಎಂದು ಬರುವ ಸಂಭವವಿದೆ. ಊತ ಬೆಳೆಯುತ್ತಲೇ ಇದ್ದರೆ ಆ ವರದಿಯನ್ನು ಕೊನೆಯ ಮಾತೆಂದು ಒಪ್ಪದೆ, ದಪ್ಪ ಸೂಜಿಯಿಂದ ಅಂಗಾಂಶದ ಎಳೆಯನ್ನೇ ತೆಗೆಯುವ ಕೋರ್ ಬಯಾಪ್ಸಿ ಮತ್ತು ಜೀವಕೋಶಗಳ ಬಗೆಯನ್ನು ಬಣ್ಣ ಹಚ್ಚಿ ಗುರುತಿಸುವ ಇಮ್ಯುನೊಹಿಸ್ಟೊಕೆಮಿಸ್ಟ್ರಿ ಅಗತ್ಯವೇ ಎಂದು ವೈದ್ಯರನ್ನು ಸ್ಪಷ್ಟವಾಗಿ ಕೇಳಿ. ಉಸಿರಿಗೆ ತುರ್ತು ಅಪಾಯವಿಲ್ಲದಿದ್ದರೆ, ಬಯಾಪ್ಸಿಗೆ ಮುನ್ನ ಸ್ಟಿರಾಯ್ಡ್ ಆರಂಭಿಸುವುದು ಒಳ್ಳೆಯದಲ್ಲ. ಗಡ್ಡೆ ತಾತ್ಕಾಲಿಕವಾಗಿ ಕುಗ್ಗಿ ರೋಗನಿರ್ಣಯವೇ ಮಸುಕಾಗಬಹುದು.

ಗ್ರಂಥಿಯನ್ನು ಪೂರ್ತಿ ತೆಗೆಯುವ ಶಸ್ತ್ರಚಿಕಿತ್ಸೆಗೆ ಒಪ್ಪುವ ಮೊದಲು ಈ ಫಲಿತಾಂಶ ಕೈಯಲ್ಲಿರಬೇಕು. ವೇಗವಾಗಿ ಬೆಳೆಯುವ ಬಿ-ಕೋಶದ (ಲಿಂಫೋಸೈಟ್‌ಗಳ ಒಂದು ಬಗೆ) ಲಿಂಫೋಮಾಕ್ಕೆ ಮುಖ್ಯ ಚಿಕಿತ್ಸೆ ರಿಟುಕ್ಸಿಮ್ಯಾಬ್ ಎಂಬ ಔಷಧಿ ಸಹಿತ ಕೀಮೋಥೆರಪಿ, ಕೆಲವರಿಗೆ ಅದರೊಂದಿಗೆ ರೇಡಿಯೇಷನ್. ದೊಡ್ಡ ಶಸ್ತ್ರಚಿಕಿತ್ಸೆ ಸಾಮಾನ್ಯವಾಗಿ ಬೇಕಾಗುವುದಿಲ್ಲ.