ಅಡಿಕೆ ಚಪ್ಪರದ ಮುಚ್ಚಳಕ್ಕೆ ಲೀನಿಯರ್ ಆ್ಯಕ್ಚುಯೇಟರ್: ನನ್ನ ಅನುಭವ

ಅಡಿಕೆ ಒಣಗಿಸುವ ಚಪ್ಪರದ ಮುಚ್ಚಳ ಎತ್ತಿಳಿಸಲು ಲೀನಿಯರ್ ಆ್ಯಕ್ಚುಯೇಟರ್ (ಮೋಟರ್ ಸ್ಕ್ರೂ ತಿರುಗಿಸಿ ದಂಡವನ್ನು ನೇರಕ್ಕೆ ಹೊರದೂಡುವ, ಒಳಗೆಳೆಯುವ ಸಾಧನ) ಹಾಕುತ್ತೇನೆ ಅಂದಾಗ, ರಾಟೆ-ಹಗ್ಗ ಸಾಕು, ತೀರಾ ಬೇಕಾದರೆ ವೈಪರ್ ಮೋಟರ್ ಹಾಕು ಅಂದವರೇ ಎಲ್ಲ. ದೀಪಾವಳಿ ಹೊತ್ತಿನ ಮಳೆಗೆ ಮುಚ್ಚಳ ತಾನಾಗಿ 40 ಸೆಕೆಂಡಿನಲ್ಲಿ ಮುಚ್ಚಿಕೊಂಡಿತು, ಬೇಯಿಸಿ ಹರವಿದ್ದ ಅಡಿಕೆ ನೆನೆಯಲಿಲ್ಲ. ಈಗ ಅವರೇ ಬಂದು ಅಳತೆ ತಗೊಂಡು ಹೋಗುತ್ತಿದ್ದಾರೆ.

ಮುಚ್ಚಳ 3 ಮೀಟರ್ ಅಗಲ, 2 ಮೀಟರ್ ಉದ್ದ. ಪೈಪಿನ ಚೌಕಟ್ಟು, ಮೇಲೆ ಪಾಲಿಥಿನ್, ತೂಕ 20 ಕಿಲೋ ಆಸುಪಾಸು. 12 ವೋಲ್ಟಿನ, 1,500 ನ್ಯೂಟನ್ನಿನ, 200 ಮಿ.ಮೀ. ಸ್ಟ್ರೋಕಿನ (ದಂಡ ಹೊರಬರುವ ದೂರ) ಆ್ಯಕ್ಚುಯೇಟರ್ ತಂದೆ. 150 ಕಿಲೋ ಎತ್ತುವುದಕ್ಕೆ 20 ಕಿಲೋ ಯಾವ ಲೆಕ್ಕ ಅಂದುಕೊಂಡಿದ್ದೇ ತಪ್ಪು. ಬಿಜಾಗರಿಯಿಂದ 25 ಸೆಂ.ಮೀ. ದೂರಕ್ಕೆ ಓರೆಯಾಗಿ ಕೂರಿಸಿದ್ದರಿಂದ ಸಿಕ್ಕ ತೋಳು (ಬಿಜಾಗರಿಯಿಂದ ದಂಡ ತಳ್ಳುವ ಗೆರೆಗೆ ನೇರ ದೂರ) 12 ಸೆಂ.ಮೀ. ಮಾತ್ರ; ಮುಚ್ಚಳದ ಭಾರ ಬೀಳುವುದು ಒಂದು ಮೀಟರ್ ದೂರದಲ್ಲಿ, ಹಾಗಾಗಿ ಬೇಕಾದ ಬಲ 160 ಕಿಲೋ ದಾಟಿತು. ಗುರ್ ಅಂದು ನಿಂತೇಬಿಟ್ಟಿತು, ಜೊತೆಗೆ ಮೋಟರ್ ಓಡಿಸುವ ಎಲ್298ಎನ್ ಬೋರ್ಡು ಸುಟ್ಟಿತು. ಅದು ಒಂದು ಚಾನಲ್ಲಿಗೆ 2 ಆಂಪಿಯರ್ ತಡೆಯುವ ಬೋರ್ಡು, ಸ್ಟಾಲ್ ಕರೆಂಟಿಗೆ (ಮೋಟರ್ ತಿರುಗಲಾರದೆ ನಿಂತಾಗ ಎಳೆಯುವ ಕರೆಂಟ್) ಎಲ್ಲಿ ತಾಳೀತು? ಈಗ ಇರುವುದು ಹೆಚ್ಚು ಕರೆಂಟ್ ತಡೆಯುವ ಬಿಟಿಎಸ್7960 ಬೋರ್ಡು.

ಆಮೇಲೆ ಮೇಲಿನ ಪಿನ್ ಬಿಜಾಗರಿಯಿಂದ 45 ಸೆಂ.ಮೀ. ದೂರಕ್ಕೆ, ಕೆಳಗಿನದು ಕಂಬದಲ್ಲಿ 45 ಸೆಂ.ಮೀ. ಕೆಳಕ್ಕೆ ಹೋಯಿತು. ಉದ್ದ ಸಾಲದ್ದಕ್ಕೆ ಹಿಂಬದಿಗೆ ಒಂದಡಿ ಪೈಪು ಅಲುಗಾಡದಂತೆ ಕ್ಲಾಂಪ್ ಮಾಡಿದೆ. ಶುರುವಿಗೆ 62 ಕಿಲೋ ಸಾಕು. ಮೇಲೇರಿದಂತೆ ಹಗುರಾಗುತ್ತದೆ ಅಂದುಕೊಂಡರೆ ಕೆಟ್ಟಿರಿ: 45 ಡಿಗ್ರಿ ಹತ್ತಿರ 80ಕ್ಕೇರುತ್ತದೆ, ದಂಡ ಮುಚ್ಚಳದ ಗುಂಟ ಮಲಗುತ್ತ ಬರುವುದರಿಂದ.

ಜಾಗ ಬದಲಿಸಿದ ಮೇಲೆ ಮೊದಲು ಎರಡೂ ಬದಿಗೆ ಒಂದೊಂದು ಆ್ಯಕ್ಚುಯೇಟರ್ ಹಾಕಿದ್ದೆ. ಒಂದೇ ಮಾಡೆಲ್ ಆದರೂ ವೇಗ ಒಂದೇ ಇಲ್ಲ. ಮೂರ್ನಾಲ್ಕು ಸೆಕೆಂಡ್ ಹಿಂದುಮುಂದಾಗಿ ಚೌಕಟ್ಟು ಸೊಟ್ಟಗಾಯಿತು. ಹಾಲ್ ಸೆನ್ಸರ್ (ದಂಡ ಎಷ್ಟು ಸರಿದಿದೆ ಅಂತ ತಿಳಿಸುವುದು) ಇದ್ದದ್ದು ತಂದಿದ್ದರೆ ಸರಿಹೊಂದಿಸಬಹುದಿತ್ತು, ದುಡ್ಡು ಉಳಿಸಲು ಹೋಗಿ ನಾಲ್ಕು ಸಾವಿರ ಕಳೆದೆ. ಈಗ ನಡುವೆ ಒಂದೇ, ಅಡ್ಡಕ್ಕೆ ದಪ್ಪನೆಯ ಚೌಕ ಪೈಪು. ಮಿಕ್ಕದ್ದು ಗೊಬ್ಬರ ಸುರಿಯುವ ರೋಬೋಟ್ ಗಾಡಿಯ ತೊಟ್ಟಿ ಎತ್ತುತ್ತಿದೆ. ಅಲ್ಲಿ ಪದೇಪದೇ ಓಡಿಸಿ ಮೋಟರ್ ಮುಟ್ಟಲಾಗದಷ್ಟು ಬಿಸಿಯಾದ ಮೇಲೆ, ಒಂದು ನಿಮಿಷ ಓಡಿದರೆ ಮೂರು ನಿಮಿಷ ಬಿಡುವು ಅಂತ ಕೋಡಿನಲ್ಲೇ ಬರೆದೆ.

ದಂಡ ಮೇಲ್ಮುಖವಾಗಿದ್ದರೆ ಸೀಲಿನ ಬಾಯಲ್ಲಿ ನೀರು ನಿಲ್ಲುತ್ತದೆ. ನಮ್ಮ ಮಳೆಗೆ ಅದು ತಡೆಯುವುದಿಲ್ಲ, ಸ್ಕ್ರೂ ತುಕ್ಕು ಹಿಡಿಯಿತು. ತಲೆಕೆಳಗೆ ಮಾಡಿ: ಮೋಟರ್ ಮೇಲೆ, ದಂಡ ಕೆಳಗೆ, ಸೀಲಿನ ಸುತ್ತ ಹಳೇ ಸೈಕಲ್ ಟ್ಯೂಬ್.

ಮಳೆ ಸೆನ್ಸರಿನದು ಬೇರೆಯೇ ಗೋಳು. ಬೆಳಗಿನ ಇಬ್ಬನಿಯನ್ನೇ ಮಳೆ ಅನ್ನುತ್ತದೆ, ಒಂಬತ್ತಾದರೂ ಮುಚ್ಚಳ ತೆರೆಯದು. ಸದಾ ಕರೆಂಟ್ ಕೊಟ್ಟರೆ ತಿಂಗಳಲ್ಲಿ ಅದರ ಬೋರ್ಡಿನ ತಾಮ್ರದ ಗೆರೆಗಳು ಹಸಿರುಗಟ್ಟುತ್ತವೆ. ಅದಕ್ಕೇ ಹತ್ತು ಸೆಕೆಂಡಿಗೊಮ್ಮೆ, ಓದುವಷ್ಟು ಹೊತ್ತು ಮಾತ್ರ ಕರೆಂಟ್. ಇಬ್ಬನಿ ಆರಲು ಬೋರ್ಡಿನ ಬೆನ್ನಿಗೆ ಬೆಚ್ಚಗಾಗುವ ರೆಸಿಸ್ಟರ್ ಅಂಟಿಸಿದ್ದೇನೆ. ಎಷ್ಟು ಓಮಿನದು, ಯಾವಾಗ ಆನ್ ಆಗುತ್ತದೆ ಅನ್ನುವುದು ನನ್ನ ಹತ್ತಿರವೇ ಇರಲಿ.

ಕರೆಂಟ್ ಹೋದರೆ 7 ಎಎಚ್ (ಆಂಪಿಯರ್-ಅವರ್) ಬ್ಯಾಟರಿ ಇದೆ. ಅದೂ ಸತ್ತರೆ ಸ್ಕ್ರೂ ಮುಚ್ಚಳವನ್ನು ಇದ್ದಲ್ಲೇ ಹಿಡಿದಿರುತ್ತದೆ, ಬೀಳುವ ಭಯವಿಲ್ಲ. ಗಾಳಿಗೆ ಬಗ್ಗುವುದು ಕಂಬದ ಬ್ರಾಕೆಟ್. 3 ಮಿ.ಮೀ. ಪಟ್ಟಿ ಎರಡು ಸಲ ಬಗ್ಗಿತು, ಈಗ 6 ಹಾಕಿದ್ದೇನೆ. ಕೆಟ್ಟದ್ದೂ ಸೇರಿ ಒಟ್ಟು ಹದಿನಾಲ್ಕು ಸಾವಿರ ಹೋಗಿರಬೇಕು. ಮತ್ತೆ ಮಾಡಿದರೆ ಎಂಟರೊಳಗೆ ಮುಗಿಸುತ್ತೇನೆ.