ಎರಡು ದೇಶ, ಒಂದೇ ಕ್ಯಾನು ನೀರು

ಗಡಿಯ ಸರೋವರದಲ್ಲಿ ಎರಡು ದೇಶದವರು ಒಂದೇ ದೋಣಿಯಲ್ಲಿ ಕೂತು ಪರೀಕ್ಷೆಗೆ ನೀರು ತೆಗೆಯೋದು ಆಗದ ಮಾತು ಅಂತ ನನಗೆ ಹೇಳಿದವರು ಒಬ್ಬಿಬ್ಬರಲ್ಲ. ಮೊದಲು ಒಪ್ಪಂದ ಆಗಲಿ, ಆಮೇಲೆ ಆಯೋಗ, ಆಮೇಲೆ ನಿಮ್ಮ ದೋಣಿ ಅಂದರು. ಈಗ ಸತತ ನಾಲ್ಕನೇ ವರ್ಷ ನಮ್ಮ ಸರೋವರದ ಎರಡೂ ದಡದವರು ಒಂದೇ ಅಂಕಿಪಟ್ಟಿಗೆ ಸಹಿ ಹಾಕಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ಯಾವ ಆಳದಲ್ಲಿ ಸ್ಯಾಂಪಲ್ ತೆಗೀಬೇಕು, ಹೇಗೆ ಇಡಬೇಕು ಅನ್ನೋದೆಲ್ಲ ಇದೇ ಕೆಲಸದಲ್ಲಿರೋ ನಿಮಗೆ ಗೊತ್ತೇ ಇದೆ, ಅದನ್ನು ಬಿಡುತ್ತೇನೆ.

ಮೊದಲ ಎರಡು ವರ್ಷ ಎಲ್ಲರೂ ಮಾಡೋದನ್ನೇ ನಾವೂ ಮಾಡಿದೆವು. ಅವರವರ ದಡದ ನೀರನ್ನು ಅವರವರೇ ಪರೀಕ್ಷೆ ಮಾಡಿ, ವರ್ಷದ ಕೊನೆಗೆ ಅಂಕಿ ಕೊಟ್ಟು ತಗೊಳ್ಳೋದು. ಮೊದಲ ಸಭೆಯಲ್ಲೇ ಜಗಳ. ಕರಗಿದ ರಂಜಕ, ಅಂದರೆ ಫಾಸ್ಫರಸ್, ನಮ್ಮ ಕಡೆ ಲೀಟರಿಗೆ ಸುಮಾರು 30 ಮೈಕ್ರೋಗ್ರಾಂ, ಅವರ ಕಡೆ 90ರ ಹತ್ತಿರ. ನೀವೇ ಕೊಳಚೆ ಬಿಡ್ತಿದ್ದೀರಿ ಅಂತ ನಮ್ಮವರು, ನಿಮ್ಮ ಲ್ಯಾಬೇ ಸರಿ ಇಲ್ಲ ಅಂತ ಅವರು. ಆರು ತಿಂಗಳು ಬರೀ ಪತ್ರ ಓಡಾಡಿದವು. ಒಂದು ರಾತ್ರಿ ಅವರ ಲ್ಯಾಬಿನ ಹಾಳೆ ಹಿಡಿದು ಕೂತೆ. ಕಾಲಮ್ಮಿನ ತಲೆಯಲ್ಲಿ ಸಣ್ಣ ಅಕ್ಷರದಲ್ಲಿ ಫಾಸ್ಫೇಟ್ ಅಂತ ಇತ್ತು. ಅಂದರೆ ರಂಜಕದ ಜೊತೆ ಅದಕ್ಕೆ ಅಂಟಿದ ಆಮ್ಲಜನಕದ ತೂಕವೂ ಸೇರಿತ್ತು. ನಾವು ಬರೀ ಫಾಸ್ಫರಸ್ ಲೆಕ್ಕ ಹಾಕುತ್ತಿದ್ದೆವು. ಎರಡಕ್ಕೂ ಮೂರು ಪಟ್ಟಿಗಿಂತ ಸ್ವಲ್ಪ ಜಾಸ್ತಿ ವ್ಯತ್ಯಾಸ, 3.07ರಷ್ಟು. ಭಾಗಿಸಿ ನೋಡಿದರೆ ಎರಡೂ ದಡದ ನೀರು ಹೆಚ್ಚುಕಡಿಮೆ ಒಂದೇ!

ನೀರಿನ ಮಟ್ಟದ್ದೂ ಇದೇ ಕಥೆ. ನಮ್ಮ ಮಾಪನ ಪಟ್ಟಿಗೂ ಅವರದಕ್ಕೂ ಸುಮಾರು 19 ಸೆಂಟಿಮೀಟರ್ ಅಂತರ. ಇಂಥದ್ದು ದೊಡ್ಡವರಿಗೂ ಆಗಿದೆ. ರೈನ್ ನದಿಗೆ ಲಾಫೆನ್‌ಬರ್ಗ್‌ನಲ್ಲಿ ಜರ್ಮನಿ ಮತ್ತು ಸ್ವಿಟ್ಜರ್ಲೆಂಡ್ ಸೇರಿ ಸೇತುವೆ ಕಟ್ಟುವಾಗ, 2003ರಲ್ಲಿ, ಎರಡು ಕಡೆಯ ಎತ್ತರ 54 ಸೆಂಟಿಮೀಟರ್ ತಪ್ಪಿತ್ತು. ಒಬ್ಬರು ಉತ್ತರ ಸಮುದ್ರದಿಂದ ಅಳೆದರೆ ಇನ್ನೊಬ್ಬರು ಮೆಡಿಟರೇನಿಯನ್‌ನಿಂದ. 27 ಸೆಂಟಿಮೀಟರ್ ವ್ಯತ್ಯಾಸ ಇದೆ ಅಂತ ಮೊದಲೇ ಗೊತ್ತಿತ್ತು. ಕಳೆಯೋ ಕಡೆ ಕೂಡಿದ್ದರಿಂದ ಅದು ಇಮ್ಮಡಿಯಾಯಿತು.

ನಾವು ಹಳೇ ಸರ್ವೇಯರುಗಳ ದಾರಿ ಹಿಡಿದೆವು. ಗಾಳಿ ಇಲ್ಲದ ದಿನ ಸರೋವರದ ಮೇಲ್ಮೈಗಿಂತ ಒಳ್ಳೆಯ ಮಟ್ಟಗೋಲು ಎಲ್ಲಿದೆ? ಎರಡೂ ದಡದಲ್ಲಿ ಒಂದೇ ಹೊತ್ತಿಗೆ, ಐದೈದು ನಿಮಿಷಕ್ಕೊಮ್ಮೆ, ಮೂರು ಗಂಟೆ ಮಟ್ಟ ಓದಿದೆವು. ಮೊದಲ ಸಲ ಗಾಳಿ ಎದ್ದು ನೀರೆಲ್ಲ ಅವರ ದಡಕ್ಕೆ ಒತ್ತಿಕೊಂಡಿತು. ಎರಡನೇ ಸಲ ಅವರ ಗಡಿಯಾರ ನಮಗಿಂತ ಒಂದು ಗಂಟೆ ಮುಂದೆ ಅನ್ನೋದನ್ನು ಯಾರೂ ನೆನಪಿಡಲಿಲ್ಲ. ಮೂರನೇ ಸಲ, ಬೆಳಕು ಹರಿಯೋ ಮೊದಲೇ ಶುರು ಮಾಡಿ, ಗೆದ್ದೆವು.

ಆಮೇಲೆ ಬಾಟಲಿ ಹಂಚಿಕೊಳ್ಳೋ ಪ್ರಯತ್ನ. ನಮ್ಮ ಸ್ಯಾಂಪಲ್‌ನಲ್ಲಿ ಅರ್ಧ ಅವರ ಲ್ಯಾಬಿಗೆ, ಅವರದರಲ್ಲಿ ಅರ್ಧ ನಮ್ಮ ಲ್ಯಾಬಿಗೆ, ರಸ್ತೆ ಮೇಲೆ. ಐಸ್ ಪೆಟ್ಟಿಗೆಗಳು ಗಡಿ ತಪಾಸಣೆಯಲ್ಲಿ ಮೂರು ದಿನ ಬಿಸಿಲಲ್ಲಿ ಕೂತವು. ಅಮೋನಿಯಾ, ನೈಟ್ರೇಟ್ ಅಂಕಿ ಎಲ್ಲ ಕೆಟ್ಟು ಹೋದವು. ಒಂದು ಋತುವಿನ ದುಡ್ಡು ಪೂರ್ತಿ ನೀರಿಗೆ ಬಿತ್ತು.

ಅವತ್ತೇ ನಿರ್ಧಾರ ಮಾಡಿದೆ: ಬಾಟಲಿ ರಸ್ತೆ ಹತ್ತೋದೇ ಬೇಡ. ಸರೋವರದ ನಡುವೆ ಒಂದೇ ದೋಣಿ. ಇಬ್ಬರು ಅವರ ಕಡೆಯವರು, ಇಬ್ಬರು ನಮ್ಮವರು. ನೀರನ್ನು ಒಂದೇ ಕ್ಯಾನಿಗೆ ಸುರಿದು, ಚೆನ್ನಾಗಿ ಕಲಕಿ, ಎಲ್ಲರ ಕಣ್ಣೆದುರೇ ಎರಡು ಬಾಟಲಿಗೆ ತುಂಬೋದು. ಶೋಧಿಸೋದೂ ದೋಣಿಯಲ್ಲೇ, ಒಂದೇ ಪೊಟ್ಟಣದ ಫಿಲ್ಟರ್‌ನಲ್ಲಿ. ನಡುವೆ ಒಂದು ಗುಟ್ಟಿನ ಬಾಟಲಿ ಸೇರಿಸುತ್ತೇವೆ. ಅದರಲ್ಲಿ ಎಷ್ಟು ರಂಜಕ ಇದೆ ಅನ್ನೋದು ಮೊದಲೇ ಬರೆದು ಮುಚ್ಚಿಟ್ಟಿರುತ್ತದೆ, ಲ್ಯಾಬಿನವರಿಗೆ ಗೊತ್ತಿರೋದಿಲ್ಲ. ಮೊದಲ ವರ್ಷ ಎರಡು ಲ್ಯಾಬುಗಳ ನಡುವೆ ಶೇಕಡಾ 20ರ ಹತ್ತಿರ ವ್ಯತ್ಯಾಸ ಇತ್ತು. ಈಗ 6 ದಾಟೋದಿಲ್ಲ. ಇದು ನಾನು ಹೆಮ್ಮೆಯಿಂದ ಹೇಳೋ ಅಂಕಿ. ಇಬ್ಬರು ಮುಖ್ಯಸ್ಥರೂ ಒಂದೇ ದಿನ ಸಹಿ ಹಾಕೋ ಹಾಗೆ ಹೇಗೆ ಮಾಡಿದೆ ಅನ್ನೋದನ್ನು ಮಾತ್ರ ಇಲ್ಲಿ ಬರೆಯೋದಿಲ್ಲ. ಅದು ಇನ್ನೂ ಕೆಲಸಕ್ಕೆ ಬರುತ್ತಿದೆ.

ದುಡ್ಡಿನ ಮಾತು. ಜಂಟಿ ಖಾತೆ ತೆರೆಯೋಕೆ ಹೋಗಿ ಒಂದೂವರೆ ವರ್ಷ ಕಳೆದುಕೊಂಡೆ. ಇಬ್ಬರು ಲೆಕ್ಕಪರಿಶೋಧಕರು, ಎರಡು ಆರ್ಥಿಕ ವರ್ಷ, ಒಂದು ರಸೀತಿಗೆ ಎರಡು ಭಾಷೆ. ಕೊನೆಗೆ ದುಡ್ಡು ಗಡಿ ದಾಟೋದನ್ನೇ ನಿಲ್ಲಿಸಿದೆವು. ದೋಣಿ, ಇಂಧನ, ವಿಮೆ ಅವರದು. ಫಿಲ್ಟರ್, ಬಾಟಲಿ, ಅನುವಾದ ನಮ್ಮದು. ಒಟ್ಟು ನೂರರಲ್ಲಿ ನಲವತ್ತು ಪಾಲು ದೋಣಿಗೇ ಹೋಗುತ್ತದೆ, ಹದಿನೈದು ಅನುವಾದಕ್ಕೆ. ಅನುವಾದಕ್ಕೆ ಕಡಿಮೆ ಇಟ್ಟುಕೊಳ್ಳಬೇಡಿ. ನೀರಿನ ಪರೀಕ್ಷೆ ಮಾಡುವ ಪ್ರೋಬನ್ನು ಆ ಕಡೆ ಒಯ್ಯಲು ಕಟ್ಟಿದ ಠೇವಣಿ ವಾಪಸ್ ಬರೋಕೆ 14 ತಿಂಗಳು ಹಿಡಿಯಿತು. ಈಗ ಎರಡು ಪ್ರೋಬ್ ಇವೆ, ಒಂದೊಂದು ದಡಕ್ಕೆ ಒಂದೊಂದು.

ಮಧ್ಯೆ ಒಂದು ಪ್ರಯೋಗ ಸುಮ್ನೆ ಕುತೂಹಲಕ್ಕೆ ಮಾಡಿದ್ದು, ನಮ್ಮ ನಾಲೆಯ ನೀರು ಎಲ್ಲಿಗೆ ಹೋಗುತ್ತದೆ ಅಂತ. ನಂಬರ್ ಬರೆದ 200 ಮರದ ತುಂಡುಗಳನ್ನು ನಮ್ಮ ನಾಲೆಯ ಬಾಯಲ್ಲಿ ಬಿಟ್ಟೆವು. ಅರವತ್ತೋ ಎಪ್ಪತ್ತೋ ಸಿಕ್ಕವು, ಹೆಚ್ಚಿನವು ಅವರ ದಡದ ಮೀನುಗಾರರ ಕೈಗೆ. ನಮ್ಮ ಕಡೆಯವರು ಆ ತುಂಡುಗಳನ್ನು ಮೇಜಿನ ಮೇಲೆ ನೋಡಿದ ಮೇಲೆ "ಕೊಳಚೆ ಅವರದು" ಅನ್ನೋ ಮಾತು ನಿಂತಿತು. ಮೀನುಗಾರರಿಗೆ ಸೆಕ್ಕಿ ತಟ್ಟೆ (ಕಣ್ಣಿಗೆ ಮರೆಯಾಗೋವರೆಗೆ ನೀರಿಗೆ ಇಳಿಸೋ ತಟ್ಟೆ) ಕೊಟ್ಟು ತಿಳಿಯ ಆಳ ಬರೆಸೋ ಯೋಜನೆ ಮಾತ್ರ ಒಂದೇ ಋತುವಿಗೆ ಬಿದ್ದುಹೋಯಿತು. ಇಳಿಸೋ ಹೊತ್ತು ಒಬ್ಬೊಬ್ಬರದು ಒಂದೊಂದು, ಅಂಕಿ ಹೋಲಿಸೋಕೇ ಆಗಲಿಲ್ಲ.

ಗಡಿ ತೀರ್ಮಾನ ಆಗದೆ ಏನೂ ಆಗಲ್ಲ ಅಂತ ವಾದಿಸುವವರಿಗೆ ನಾನು ಕಾನ್‌ಸ್ಟನ್ಸ್ ಸರೋವರ ತೋರಿಸುತ್ತೇನೆ. ಅದರ ದೊಡ್ಡ ಭಾಗದಲ್ಲಿ ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್‌ಗಳ ಗಡಿ ಎಲ್ಲಿ ಅಂತ ಇವತ್ತಿಗೂ ಒಪ್ಪಿಗೆ ಆಗಿಲ್ಲ. ಆದರೂ 1959ರಿಂದ ಜಂಟಿ ಆಯೋಗ ನಡೆಯುತ್ತಿದೆ. 1980ರ ಸುಮಾರಿಗೆ ಲೀಟರಿಗೆ 80 ಮೈಕ್ರೋಗ್ರಾಂ ದಾಟಿದ್ದ ರಂಜಕ ಆಮೇಲೆ 10ಕ್ಕಿಂತ ಕೆಳಗೆ ಇಳಿಯಿತು.

ಹೋದ ತಿಂಗಳು ನಮ್ಮ ಪ್ರೋಬ್ ಆಮ್ಲಜನಕ ಜಾಸ್ತಿ ತೋರಿಸುತ್ತಿತ್ತು. ಅದನ್ನು ಮೊದಲು ಹಿಡಿದದ್ದು ಆ ಕಡೆಯ ಹುಡುಗಿ, ಕೆಲಸಕ್ಕೆ ಸೇರಿ ಮೂರು ತಿಂಗಳಾಗಿರಬೇಕು. ತನ್ನ ಪ್ರೋಬನ್ನು ಪಕ್ಕದಲ್ಲೇ ಇಳಿಸಿ, ಎರಡೂ ಅಂಕಿಯನ್ನು ನಮ್ಮ ಪುಸ್ತಕದಲ್ಲೇ ಬರೆದು, ನಮ್ಮದರ ಮೇಲೆ ಗೀಟು ಎಳೆದಳು. ನಮ್ಮ ಹುಡುಗ ಕೆಳಗೆ ಸಹಿ ಹಾಕಿದ.