ಬಾವಿಯಲ್ಲಿ ಈಸು ಬಂದವರು ಕಡಲಿಗೆ ಇಳಿಯುವುದು ಹೇಗೆ?

ಕಲಬುರಗಿ ಸುತ್ತಿನ ಹುಡುಗರು ಹೊಲದ ಬಾವಿಗೆ ಜಿಗಿದು ಈಸು ಕಲಿತವರು. ಆ ಧೈರ್ಯದಲ್ಲೇ ಮಂಗಳೂರಿಗೆ ಹೋದವರು ಗಾಡಿ ನಿಲ್ಲುವ ಮುಂಚೆಯೇ ಅಂಗಿ ತೆಗೆದು ಕಡಲಿಗೆ ಓಡುತ್ತಾರೆ. ಅಲ್ಲೇ ಎಡವಟ್ಟು.

ಮೊದಲು ಕಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರಿಗಿಳಿಯುವ ಮಾತೇ ಬೇಡ. ಬೇಸಿಗೆ ರಜೆಗೇ ಹೋಗಬೇಕೆಂದರೆ ಏಪ್ರಿಲ್‌ನಲ್ಲೇ ಹೋಗಿ ಬನ್ನಿ.

ಆಮೇಲೆ ಜಾಗ. ಮಂಗಳೂರಿನ ಪಣಂಬೂರು, ತಣ್ಣೀರುಬಾವಿ ಬೀಚ್ ಎರಡೂ ಆದೀತು, ಆದರೆ ಲೈಫ್‌ಗಾರ್ಡ್ ಕಣ್ಣಿಗೆ ಕಂಡರೆ ಮಾತ್ರ. ಮಕ್ಕಳು ಜೊತೆಗಿದ್ದರೆ ಉಡುಪಿ ಕಡೆಯ ಪಡುಬಿದ್ರಿಗೇ ಹೋಗಿ. ಅಲ್ಲಿನ ಬೀಚ್‌ಗೆ 2020ರಲ್ಲಿ ಬ್ಲೂ ಫ್ಲ್ಯಾಗ್ (ಸ್ವಚ್ಛ, ಸುರಕ್ಷಿತ ಬೀಚ್‌ಗೆ ಕೊಡುವ ಅಂತರರಾಷ್ಟ್ರೀಯ) ಮಾನ್ಯತೆ ಸಿಕ್ಕಿದೆ, ಈಜಲು ಗುರುತು ಮಾಡಿದ ಜಾಗವಿದೆ. ಮಂಗಳೂರಿನ ಹತ್ತಿರದ ಸೋಮೇಶ್ವರದಲ್ಲಿ ದೇವರ ದರ್ಶನ ಮಾಡಿ, ಸೂರ್ಯ ಮುಳುಗುವುದನ್ನು ನೋಡಿ, ಅಷ್ಟೇ. ನೀರಲ್ಲಿ ಬಂಡೆಗಳಿವೆ.

ಈಗ ಎಲ್ಲರೂ ತಪ್ಪುವ ಹಂತ. ಇಳಿಯುವ ಮುಂಚೆ ಹತ್ತು ನಿಮಿಷ ದಡದಲ್ಲಿ ನಿಂತು ನೀರು ನೋಡಿ. ಅಲೆಗಳು ಉದ್ದಕ್ಕೂ ನೊರೆಯೆಬ್ಬಿಸಿ ಒಡೆಯುತ್ತಿರುತ್ತವೆ. ನಡುವೆ ಒಂದು ಕಡೆ ಮಾತ್ರ ಅಲೆ ಒಡೆಯದೆ, ನೀರು ತುಸು ಕಪ್ಪಗೆ, ಸುಮ್ನೆ ಮಲಗಿದಂತೆ ಕಾಣುತ್ತದೆ. ನಮ್ಮವರು 'ಇಲ್ಲಿ ಅಲೆ ಇಲ್ಲ' ಅಂತ ಹುಡುಕಿಕೊಂಡು ಅಲ್ಲಿಗೇ ಹೋಗುತ್ತಾರೆ! ಅದೇ ಸೆಳೆತ. ದಡಕ್ಕೆ ನುಗ್ಗಿದ ನೀರು ಕಡಲಿಗೆ ವಾಪಸ್ ಹೋಗುವ ದಾರಿ ಅದು. ಜೋರಿದ್ದಾಗ ಸೆಕೆಂಡಿಗೆ 2 ಮೀಟರಿನಷ್ಟು ಓಟ ಇರುತ್ತದೆ. ಎದುರು ಈಜಿದರೆ ಎಂಥ ಗಟ್ಟಿ ತೋಳೂ ಸೋಲುತ್ತದೆ.

ಸಿಕ್ಕಿಕೊಂಡರೆ ದಡದ ಕಡೆ ಬಡಿದಾಡಬೇಡಿ. ಸೆಳೆತ ಆಳಕ್ಕೆ ಎಳೆಯುವುದಿಲ್ಲ, ದೂರಕ್ಕೆ ಒಯ್ಯುತ್ತದೆ. ಅಂಗಾತ ತೇಲಿ, ಕೈ ಎತ್ತಿ ಬೀಸಿ. ಉಪ್ಪು ನೀರು ಬಾವಿ ನೀರಿಗಿಂತ ಚೆನ್ನಾಗಿ ತೇಲಿಸುತ್ತದೆ. ಶಕ್ತಿ ಇದ್ದರೆ ದಡಕ್ಕೆ ಸಮಾನಾಂತರವಾಗಿ ಅಡ್ಡ ಈಜಿ. ಅಲೆ ಒಡೆಯುವ ಕಡೆ ಬಂದ ಮೇಲೆ ಅಲೆಯ ಜೊತೆಗೇ ದಡಕ್ಕೆ ತಿರುಗಿ. ದಡದಲ್ಲಿದ್ದವರು ಅಣ್ಣ, ತಮ್ಮ ಅಂತ ಹಿಂದೆಯೇ ಹಾರಬೇಡಿ. ಲೈಫ್‌ಗಾರ್ಡನ್ನು ಕೂಗಿ, ಮುಚ್ಚಳ ಬಿಗಿದ ಖಾಲಿ ಕ್ಯಾನ್ ಎಸೆಯಿರಿ.

ಅಂದ ಹಾಗೆ, ಗಾಳಿ ತುಂಬುವ ಬಾತುಕೋಳಿ ಟ್ಯೂಬ್ ಕೊಳ್ಳಲೇಬೇಡಿ. ದಡದಿಂದ ಗಾಳಿ ಬೀಸಿತೆಂದರೆ ಮಗುವಿನ ಸಮೇತ ದೂರ ಹೋಗುತ್ತದೆ. ಕುಡಿದವರನ್ನು ನೀರಿನ ಹತ್ತಿರವೂ ಬಿಡಬೇಡಿ.

ಕೆಂಪು ಬಾವುಟ ಕಂಡರೆ ಲೈಫ್‌ಗಾರ್ಡ್ ಜೊತೆ ವಾದ ಬೇಡ. ಮಂಗಳೂರಿನ ಲೇಡಿಹಿಲ್‌ನಲ್ಲಿ ಮಂಗಳಾ ಈಜುಕೊಳ ಇದೆ, ಸಮಯ ಕೇಳಿಕೊಂಡು ಅಲ್ಲಿಗೆ ನಡೆಯಿರಿ.